ಹಾಸಿಗೆ ಒಲ್ಲದ ನಾಯಿ

ಮನೆ ಖಾಲಿ ಮಾಡುವವರನ್ನು ನೀವೂ ನೋಡಿರುತ್ತೀರಿ. ಪಾತ್ರೆ ಪಡಗ, ಕಾಲು ಮುರಿದ ಕುರ್ಚಿ, ತೂತು ಬಕೆಟ್ಟು ಎಲ್ಲವನ್ನೂ ನೆನಪಿಟ್ಟು ಗಾಡಿಗೆ ಹೇರುತ್ತಾರೆ. ನಾಯಿಯೊಂದನ್ನು ಗೇಟಿನ ಹೊರಗೆ ಮರೆಯುತ್ತಾರೆ. ನಮ್ಮ ಬೀದಿಯಲ್ಲಿ ಒಂದೇ ವರ್ಷ ನಾಲ್ಕು ನಾಯಿಗಳನ್ನು ಹೀಗೆ ಮರೆತರು. ಮರೆತ ಛತ್ರಿಗಾಗಿ ವಾಪಸ್ ಬಂದವರಿದ್ದಾರೆ, ನಾಯಿಗಾಗಿ ಬಂದವರನ್ನು ನಾನಂತೂ ಕಾಣೆ.

ನಮ್ಮದು ಹಾಸಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ನಮ್ಮ ಯಜಮಾನರು ಹತ್ತಿ ಹಿಂಜಿ, ಚೀಲಕ್ಕೆ ತುಂಬಿ, ಗಂಟುಗಳು ಉಳಿಯದಂತೆ ಕೋಲಿನಿಂದ ಬಡಿದು ಸಮ ಮಾಡುತ್ತಾರೆ. ನಾನು ದಬ್ಬಣ ಹಿಡಿದು ಅಂಚು ಹೊಲಿಯುತ್ತೇನೆ. ಮಧ್ಯಾಹ್ನ ಬಿಸಿಲು ಬಾಗಿಲಿನಿಂದ ಒಳಗೆ ಬಂದರೆ ಹತ್ತಿಯ ಎಳೆಗಳು ಗಾಳಿಯಲ್ಲೇ ನಿಂತುಬಿಡುತ್ತವೆ, ಮೇಲೂ ಏರವು, ಕೆಳಗೂ ಇಳಿಯವು. ಆ ಹೊತ್ತಿನಲ್ಲಿ ನಮ್ಮ ಗೋಡೆ ಗಡಿಯಾರವೂ ತೂಕಡಿಸುತ್ತದೆ ಎಂದು ನನ್ನ ಗುಮಾನಿ. ಬೆಲೆ ಕೇಳಲು ಬಂದವರು ಅರ್ಧ ಮಾತಿನಲ್ಲೇ ಆಕಳಿಸುತ್ತಾರೆ.

"ಮನುಷ್ಯ ನಡೆಯೋದು ನೋಡಿದರೆ ಸಾಕು, ಅವನಿಗೆ ಎಂಥ ಹಾಸಿಗೆ ಬೇಕು ಅಂತ ಹೇಳಿಬಿಡ್ತೀನಿ" ಎನ್ನುವುದು ನಮ್ಮವರ ಜಂಭ. ಸುಳ್ಳೇನಲ್ಲ. ಅವರು ಮಾಡಿಕೊಟ್ಟ ಹಾಸಿಗೆಯನ್ನು ಯಾರೂ ವಾಪಸ್ ತಂದಿರಲಿಲ್ಲ.

ಹೊಲಿದು ಉಳಿದ ಚಿಂದಿ, ಹಳೆಯ ಹತ್ತಿಯನ್ನು ನಾನು ತಿಂಗಳಿಗೊಮ್ಮೆ ಊರಾಚೆಯ ನಾಯಿಗಳ ಆಶ್ರಯಕ್ಕೆ ಕೊಟ್ಟುಬರುತ್ತೇನೆ. ಅವಳನ್ನು ಕಂಡದ್ದು ಅಲ್ಲಿ. ಕಂದು ಮೈ, ಮಡಚಿದ ಒಂದು ಕಿವಿ. ಉಳಿದ ನಾಯಿಗಳೆಲ್ಲ ನಾನು ತಂದ ಚಿಂದಿಯ ಮೇಲೆ ಬಿದ್ದು ಹೊರಳಾಡುತ್ತಿದ್ದರೆ ಇವಳು ಗೋಡೆಗೆ ಒರಗಿ ಬರಿ ನೆಲದ ಮೇಲೆ ಕೂತಿದ್ದಳು. ಕೂತಲ್ಲೇ ಕಣ್ಣು ಮುಚ್ಚುತ್ತಿದ್ದಳು. ತಲೆ ವಾಲಿತೋ, ಬೆಚ್ಚಿ ಎಚ್ಚರಾಗುತ್ತಿದ್ದಳು. ಊರಿಗೆಲ್ಲ ನಿದ್ದೆ ಹೊಲಿದು ಕೊಡುವವಳು ನಾನು, ಚಿಂದಿ ಚೀಲ ಅಲ್ಲೇ ಬಿಟ್ಟು ಅವಳ ವಿಷಯ ವಿಚಾರಿಸಿದೆ.

ಆಶ್ರಯದಲ್ಲಿ ನಾಯಿಗಳಿಗೆ ಮದ್ದು ಹಾಕುವ ಕಾಂಪೌಂಡರಮ್ಮ ಹೇಳಿದಳು: "ಇವಳು ಹೀಗೇ ಅಕ್ಕ, ಮೈ ಚಾಚಿ ಮಲಗಿದ್ದನ್ನ ನಾನು ನೋಡೇ ಇಲ್ಲ. ಎರಡು ಮನೆಯವರು ಕರಕೊಂಡು ಹೋಗಿ ವಾಪಸ್ ಬಿಟ್ಟರು. ಒಬ್ಬರು ಬೊಗಳಲ್ಲ ಅಂದರು, ಇನ್ನೊಬ್ಬರು ಆಡಲ್ಲ ಅಂದರು. ಮೂರನೇ ಸಲವೂ ವಾಪಸ್ ಬಂದರೆ ಇವಳನ್ನ ಕೇಳಿಕೊಂಡು ಇನ್ಯಾರೂ ಬರಲ್ಲ."

ಮನೆಗೆ ಬಂದು ವಿಷಯ ತೆಗೆದೆ. ನಮ್ಮವರು ಮೂಗು ಮುರಿದರು.

"ನಾಯಿ ಬೇಕಾದರೆ ಒಂದು ಚೆಂದದ ಮರಿ ತರೋಣ ಕಣೇ. ಯಾರೋ ಬೇಡ ಅಂದಿದ್ದು ನಮಗ್ಯಾಕೆ? ರೋಗ ಗೀಗ ಇದ್ದರೆ? ಕಚ್ಚಿದರೆ?"

"ಹುಚ್ಚುನಾಯಿ ರೋಗದ ಚುಚ್ಚುಮದ್ದು ಆಗಿದೆ ರೀ. ಮರಿ ಹಾಕದ ಹಾಗೆ ಆಪರೇಷನ್ನೂ ಆಗಿದೆ. ಮರಿ ತಂದರೆ ನಾಳೆ ಎಷ್ಟೆತ್ತರ ಬೆಳೆಯುತ್ತೋ, ಎಂಥ ಬುದ್ಧಿ ಬರುತ್ತೋ ಯಾರು ಕಂಡರು? ಇವಳು ಬೆಳೆದು ಮುಗಿಸಿದಾಳೆ. ಹೇಗಿದಾಳೋ ಹಾಗೇ."

"ಹೇಗಿದಾಳೆ?"

"ಬಾಯೇ ಬಿಡಲ್ಲ. ಮನೇಲಿ ಅಂಥವರು ಒಬ್ಬರಾದರೂ ಇರಬೇಕಿತ್ತು ಅಂತ ನೀವೇ ಅಂತಿರಲ್ಲ."

ನಗು ಬಂದದ್ದನ್ನು ಮೀಸೆಯಡಿ ಬಚ್ಚಿಟ್ಟುಕೊಂಡು ಅವರು ಹೇಳಿದರು: "ಹದಿನೈದು ದಿನ. ಹೊಂದಿಕೊಂಡರೆ ಸರಿ, ಇಲ್ಲದಿದ್ದರೆ ವಾಪಸ್."

ಅವಳು ಬಂದಳು. ಹತ್ತಿ ಮೂಟೆಗೂ ಗೋಡೆಗೂ ನಡುವಿನ ಸಂದಿ ಹುಡುಕಿಕೊಂಡು ಅಲ್ಲೇ ಕೂತಳು. ಮೂಟೆಯ ಮೇಲಿನ ಅರಳೆ ಉದುರಿ ಉದುರಿ ಅವಳ ಕಂದು ಬೆನ್ನು ಬೆಳ್ಳಗಾಯಿತು. ಹಾಗಾಗಿ ನಾನು ಅವಳನ್ನು ಅರಳೆ ಎಂದು ಕರೆದೆ.

ಕೂತೇ ತೂಕಡಿಸುವ ನಾಯಿಯನ್ನು ಕಂಡು ನಮ್ಮವರ ಜಂಭಕ್ಕೆ ಪೆಟ್ಟು ಬಿತ್ತು. "ಮಲಗಲ್ಲ ಅಂದರೇನು? ಸರಿಯಾದ ಹಾಸಿಗೆ ಸಿಕ್ಕಿಲ್ಲ, ಅಷ್ಟೇ" ಎಂದು ಹೊಸ ಹತ್ತಿಯಲ್ಲಿ ಪುಟ್ಟ ಹಾಸಿಗೆ ಮಾಡಿದರು. ಅವಳ ಮುಂದೆಯೇ ಹಾಸಿದರು. ಗಿರಾಕಿಯ ಹಾಸಿಗೆಗೆ ಕೋಲಿನಿಂದ ನಾಲ್ಕು ಏಟು ಹಾಕುವವರು ಇವಳ ಹಾಸಿಗೆಗೆ ಹತ್ತು ಹಾಕಿ, ಚೆನ್ನಾಗಿ ಉಬ್ಬಿಸಿ, "ಬಾ ಮಹಾರಾಣಿ" ಎಂದರು. ಅರಳೆ ಗೋಡೆಗೆ ಇನ್ನಷ್ಟು ಒತ್ತಿಕೊಂಡಳು.

ಐದನೆಯ ದಿನ ಹತ್ತಿ ಕಡಿಮೆ ಮಾಡಿ ತೆಳು ಹಾಸಿಗೆ. ಒಂಬತ್ತನೆಯ ದಿನ ನಾರಿನ ಹಾಸಿಗೆ. ಪ್ರತಿ ಸಲವೂ ಅದೇ ಆರೈಕೆ, ಅದೇ ಹತ್ತು ಏಟು. ಅವಳು ತಿರುಗಿಯೂ ನೋಡಲಿಲ್ಲ. ತಟ್ಟೆಯ ಊಟವನ್ನೂ ನಾವು ಆಚೆ ಹೋದ ಮೇಲೆಯೇ ತಿನ್ನುತ್ತಿದ್ದಳು.

"ಇದಕ್ಕೆ ನಮ್ಮ ಮನೆ ಹಿಡಿಸಿಲ್ಲ. ಇದ್ದಷ್ಟು ದಿನ ಇದರ ನಿದ್ದೆಯೂ ಹಾಳು, ನನ್ನ ನಿದ್ದೆಯೂ ಹಾಳು" ಎಂದು ಅವರು ಹದಿನಾಲ್ಕನೆಯ ದಿನ ಆಶ್ರಯಕ್ಕೆ ಫೋನು ಮಾಡಿಯೇಬಿಟ್ಟರು. ನಾನು ಹೊಲಿಗೆಗೆ ಕೂತೆ. ದಬ್ಬಣ ಎರಡು ಸಲ ಬೆರಳಿಗೆ ಚುಚ್ಚಿತು.

ಮರುದಿನ ಮಧ್ಯಾಹ್ನ ಕಾಂಪೌಂಡರಮ್ಮ ಕೊರಳಪಟ್ಟಿ, ಹಗ್ಗ ಹಿಡಿದು ಬಂದಳು. ಅವಳು ಚಪ್ಪಲಿ ಬಿಡುವಷ್ಟರಲ್ಲಿ ನಮ್ಮವರಿಗೆ ಮನಸ್ಸು ತಡೆಯಲಿಲ್ಲ. "ಕೊನೇ ಸಲ ನೋಡೋಣ" ಎಂದು ಮೊದಲ ಹಾಸಿಗೆಯನ್ನೇ ಎಳೆದು ತಂದು ಹಾಸಿದರು, ಕೋಲೆತ್ತಿ ಬಡಿದರು. ಹತ್ತಿಯ ಎಳೆ ಎದ್ದು ಬಿಸಿಲಲ್ಲಿ ತೇಲಿತು.

"ಅಣ್ಣ, ನಿಲ್ಲಿ" ಎಂದಳು ಕಾಂಪೌಂಡರಮ್ಮ. "ಒಂದು ಸಲ ಅವಳನ್ನ ನೋಡಿ."

ನೋಡಿದೆವು. ಅರಳೆ ಮೂಲೆಯಲ್ಲಿ ಮುದುಡಿ ನಡುಗುತ್ತಿದ್ದಳು. ಅವಳ ಕೆಳಗೆ ನೆಲ ಒದ್ದೆಯಾಗಿತ್ತು.

"ಹಾಸಿಗೆ ಹಾಕುವಾಗೆಲ್ಲ ಹೀಗೇ ಬಡೀತೀರಾ?"

"ಬಡೀದೆ ಹತ್ತಿ ಸಮ ಆಗುತ್ತಾ? ಅವಳಿಗೆ ಅಂತ ಇನ್ನೂ ಹೆಚ್ಚೇ ಬಡಿದಿದ್ದೀನಿ."

ಕಾಂಪೌಂಡರಮ್ಮ ಹಣೆ ಒತ್ತಿಕೊಂಡಳು. "ಮೊದಲನೇ ಮನೆಯವರು ಆಮೇಲೆ ಒಂದು ಮಾತು ಅಂದಿದ್ದರು ಅಣ್ಣ. ಮಂಚದ ಮೇಲೆ ಹತ್ತಿದರೆ ಕೋಲಲ್ಲಿ ಹೊಡೆದು ಬುದ್ಧಿ ಕಲಿಸಿದ್ವಿ ಅಂತ. ನಿಮ್ಮದು ಹಾಸಿಗೆ ಅಂಗಡಿ, ಇಲ್ಲಾದರೂ ಮೆತ್ತಗೆ ಮಲಗಲಿ ಅಂದುಕೊಂಡೆ. ಈ ಕೋಲು ನನಗೆ ಹೊಳೀಲೇ ಇಲ್ಲ."

ನಮ್ಮವರು ಕೈಯಲ್ಲಿದ್ದ ಕೋಲನ್ನು ನೋಡಿದರು. ಇಪ್ಪತ್ತು ವರ್ಷ ಹಿಡಿದ ಕೋಲು, ಹಿಡಿಯ ಜಾಗ ಸವೆದು ನುಣುಪಾಗಿತ್ತು. ಅವರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಪ್ರೀತಿಯಿಂದಾನೇ ಮಾಡಿದೆ ತಾಯಿ" ಎಂದರು. ಯಾರಿಗೆ ಹೇಳಿದರೋ, ಕಾಂಪೌಂಡರಮ್ಮನಿಗೋ, ನಾಯಿಗೋ.

ಕೋಲನ್ನು ಹಿತ್ತಲಿಗೆ ಒಯ್ದು ಬಾಗಿಲು ಮುಚ್ಚಿ ಬಂದರು. ಅಂದಿನಿಂದ ಬಡಿಯುವ ಕೆಲಸವೆಲ್ಲ ಹಿತ್ತಲಿನಲ್ಲೇ, ಅದೂ ನಾನು ಅರಳೆಯನ್ನು ಸುತ್ತಾಡಿಸಲು ಕರೆದುಕೊಂಡು ಹೋದಾಗ ಮಾತ್ರ.

"ಇನ್ನೆಷ್ಟು ದಿನ ಬೇಕಾಗುತ್ತೆ?" ಎಂದು ಕೇಳಿದರು.

"ಕೆಲವಕ್ಕೆ ಮೂರು ದಿನ, ಕೆಲವಕ್ಕೆ ಮೂರು ತಿಂಗಳು. ದಿನ ಎಣಿಸಬೇಡಿ ಅಣ್ಣ. ಹೊತ್ತಿಗೆ ಸರಿಯಾಗಿ ಊಟ ಇಡಿ, ನೀರಿಡಿ. ದಿಟ್ಟಿಸಿ ನೋಡಬೇಡಿ, ಎಳೆದು ಮುದ್ದು ಮಾಡಬೇಡಿ. ಪಕ್ಕದಲ್ಲಿ ಸುಮ್ಮನೆ ಕೂತಿರಿ. ಅವಳೇ ಬರಲಿ."

"ಹಾಗಾದರೆ ಆ ಹಗ್ಗ ನೀವೇ ಇಟ್ಟುಕೊಳ್ಳಿ. ನಮ್ಮವಳಿಗೆ ಬೇರೆ ತರ್ತೀನಿ."

ನಮ್ಮವಳಿಗೆ, ಎಂದರು. ನಾನು ಕೇಳಿಸಿಕೊಂಡೆ, ಕೇಳಿಸದವಳಂತೆ ದಾರ ಪೋಣಿಸಲು ಹೋದೆ. ಕಣ್ಣು ಮಂಜಾಗಿ ದಾರ ದಬ್ಬಣದೊಳಗೆ ಹೋಗಲಿಲ್ಲ.

ಆ ಸಂಜೆ ಅವರು ಹಾಸಿಗೆಯನ್ನು ಅಂಗೈಯಲ್ಲೇ ತಟ್ಟಿ ತಟ್ಟಿ ಸಮ ಮಾಡಿ ಅವಳ ಸಂದಿಯ ಬಾಯಿಗೆ ಸರಿಸಿದರು. ಊಟವಾದ ಮೇಲೆ ದಿನವೂ ಅದರ ಪಕ್ಕ ಬರಿ ನೆಲದ ಮೇಲೆ, ಅವಳಿಗೆ ಬೆನ್ನು ಮಾಡಿ, ಒಂದು ಗಳಿಗೆ ಮಲಗುತ್ತಿದ್ದರು. ಊರಿಗೆಲ್ಲ ಹಾಸಿಗೆ ಕೊಟ್ಟವನು ನೆಲದ ಮೇಲೆ ಮಲಗಿದ್ದಾನೆ ಎಂದು ಬೀದಿಯವರು ಆಡಿಕೊಂಡರು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಎಂಟು ದಿನಕ್ಕೆ ಹಾಸಿಗೆಯ ಅಂಚಿಗೆ ಒಂದು ಪಾದ ಬಂತು. ಹೊಡೆತ ಬೀಳಲಿಲ್ಲ. ಎರಡು ದಿನ ಬಿಟ್ಟು ಇನ್ನೊಂದು ಪಾದ.

ಕೋಲು ಹಿತ್ತಲಿಗೆ ಹೋದ ಇಪ್ಪತ್ತೆರಡನೆಯ ದಿನದ ಮಧ್ಯಾಹ್ನ. ಬಿಸಿಲು ಎಂದಿನಂತೆ ಒಳಗೆ ಬಂದಿತ್ತು, ಎಳೆಗಳು ಗಾಳಿಯಲ್ಲಿ ನಿಂತಿದ್ದವು. ನಾನು ಹೊಲಿಗೆಯಿಂದ ತಲೆಯೆತ್ತಿ ನೋಡಿದರೆ ಅರಳೆ ಹಾಸಿಗೆಯ ಮೇಲೆ ಒಂದು ಮಗ್ಗುಲಾಗಿ, ನಾಲ್ಕೂ ಕಾಲು ಚಾಚಿ, ಬಿದ್ದುಕೊಂಡಿದ್ದಳು. ಸತ್ತೇ ಹೋದಳೇನೋ ಎಂದುಕೊಂಡೆ.

ಅಷ್ಟರಲ್ಲಿ ಅವಳ ಕಾಲುಗಳು ಓಡಲು ಶುರುಮಾಡಿದವು. ಮೈ ಇದ್ದಲ್ಲೇ ಇದೆ, ಕಾಲು ಎಲ್ಲೋ ದೂರ ಓಡುತ್ತಿವೆ. ಮೀಸೆ ಅದುರಿತು, ಬಾಲ ಹಾಸಿಗೆಗೆ ಮೆತ್ತಗೆ ಎರಡು ಸಲ ಬಡಿಯಿತು. ಗಂಟಲಿನೊಳಗೆ ಸಣ್ಣದಾಗಿ ಬೊಗಳಿದಳು, ನಮ್ಮ ಮನೆಯಲ್ಲಿ ಅದೇ ಮೊದಲು. ಎಷ್ಟು ವರ್ಷದ ಕನಸುಗಳು ಬಾಕಿ ಇದ್ದವೋ ಪಾಪ. ನಮ್ಮವರು ಎದ್ದು ಕೂತು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅವರ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ.

ಆಗಲೇ ಗಿರಾಕಿಯೊಬ್ಬರು ಬಂದು "ನಮ್ಮ ಹಾಸಿಗೆ ಆಯ್ತಾ?" ಎಂದು ಗಟ್ಟಿಯಾಗಿ ಕೇಳಿದರು. ನಮ್ಮವರು ತುಟಿಯ ಮೇಲೆ ಬೆರಳಿಟ್ಟು ಬಾಗಿಲಿನ ತನಕ ತುದಿಗಾಲಲ್ಲಿ ಹೋದರು.

"ನಾಳೆ ಬನ್ನಿ ಸ್ವಾಮಿ" ಎಂದರು ಪಿಸುಮಾತಿನಲ್ಲಿ. "ಮನೇಲಿ ಮಲಗಿದಾರೆ."

ಅಕ್ಕಂದಿರೆ, ಅಣ್ಣಂದಿರೆ, ಇದನ್ನು ಓದುವ ಹೊತ್ತಿನಲ್ಲೂ ನಿಮ್ಮ ಹತ್ತಿರದ ಆಶ್ರಯದಲ್ಲಿ ಯಾರಿಗೂ ಬೇಡವಾದ ಒಂದು ನಾಯಿ ಕೂತಲ್ಲೇ ತೂಕಡಿಸುತ್ತಿದೆ. ಹೋಗಿ ನೋಡಿ. ಚುಚ್ಚುಮದ್ದು, ಆಪರೇಷನ್ ಆಗಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಹಿಂದೆ ಅದಕ್ಕೆ ಏನೇನಾಗಿತ್ತು ಎನ್ನುವುದನ್ನು ನಮ್ಮ ಹಾಗೆ ಹದಿನೈದನೆಯ ದಿನ ಕೇಳಬೇಡಿ, ಮೊದಲ ದಿನವೇ ಕೇಳಿ. ಕರೆತಂದ ಮೇಲೆ ಅವಸರಪಟ್ಟು ವಾಪಸ್ ಬಿಡಬೇಡಿ. ಮನೆ ಬದಲಾಯಿಸುವಾಗ ಗಾಡಿಯಲ್ಲಿ ಮೊದಲು ಅದನ್ನು ಕೂರಿಸಿ, ಆಮೇಲೆ ಬಕೆಟ್ಟು.

ದೊಡ್ಡ ಮನೆ ಬೇಕಿಲ್ಲ, ಹೆದರಿಕೆ ಇಲ್ಲದ ಒಂದು ಮೂಲೆ ಸಾಕು. ಹಾಸಿಗೆಯೂ ಬೇಕೆಂದರೆ ನಮ್ಮವರು ಮಾಡಿಕೊಡುತ್ತಾರೆ, ಅಂಗೈಯಲ್ಲೇ ತಟ್ಟಿ.