ಹೆಬ್ಬೆಟ್ಟಿನ ಓದುಗ

ಹೊಸಪೇಟೆ ಪಕ್ಕದ ನಮ್ಮ ಹಳ್ಳಿಯ ಗ್ರಂಥಾಲಯವನ್ನು ಹನ್ನೊಂದು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಹುಡುಗರು ಮೊಬೈಲ್ ಚಾರ್ಜಿಗೆ ಹಾಕಲು ಬರುತ್ತಾರೆ, ಹಿರಿಯರು ಫ್ಯಾನಿನ ಗಾಳಿಗೆ. ಓದಲೆಂದೇ ದಿನಾ ಬರುವವನು ಸುಂಕಪ್ಪಣ್ಣ ಒಬ್ಬನೇ. ಅವನೋ ಓದುಗರ ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವವನು.

ಅವನಿಗೆ ಓದಲು ಬರುತ್ತದೆ, ಬರೆಯಲು ಬರುವುದಿಲ್ಲ. ಯಶವಂತನಗರದ ಗಣಿಯಲ್ಲಿ ಇಪ್ಪತ್ತು ವರ್ಷ ಲಾರಿಗೆ ಅದಿರು ತುಂಬುತ್ತಿದ್ದಾಗ ಲಾರಿಗಳ ಹಿಂದಿನ ಬರಹ, ಕಂಪನಿ ಬಸ್ಸಿನ ಬೋರ್ಡು, ರೊಟ್ಟಿ ಸುತ್ತಿದ ಪೇಪರು ನೋಡಿ ನೋಡಿ ಅಕ್ಷರ ಕಲಿತವನು. ಪೆನ್ನು ಹಿಡಿಯುವ ಪ್ರಮೇಯವೇ ಬರಲಿಲ್ಲ. ಪುಸ್ತಕಕ್ಕೆ ಮಸಿ ಹತ್ತಿದರೆ ನಾನು ಬೈಯುತ್ತೇನೆಂದು ಬೆರಳನ್ನು ಟವೆಲಿಗೆ ಒರೆಸಿಕೊಂಡೇ ಕೂರುತ್ತಾನೆ.

ಏಪ್ರಿಲ್‌ನಲ್ಲಿ ಲಿಂಗರಾಜ್ ಎಂಬ ಸಾಹೇಬರು ತಪಾಸಣೆಗೆ ಬಂದರು. ಹಾಜರಿ ಪುಸ್ತಕ ತಿರುವಿ, ಸಾಲು ಸಾಲು ಹೆಬ್ಬೆಟ್ಟು ಕಂಡು ನಕ್ಕರು.

“ಹೆಬ್ಬೆಟ್ಟು ಒತ್ತೋರು ಏನ್ ಓದ್ತಾರ್ರಿ ಮೇಡಂ? ನೀವ ಒತ್ಕೊಂತೀರೇನು?”

ನನಗೆ ಮೈಯೆಲ್ಲ ಉರಿಯಿತು. ಸುಳ್ಳು ಹಾಜರಿ ಎಂದು ಅವರು ಬರೆದರೆ ನನ್ನ ಕೆಲಸ ಹೋಗುತ್ತದೆ.

“ಅಲ್ಲೇ ಕುಂತಾರ ನೋಡ್ರಿ ಸರ್, ಅವ್ರನ್ನ ಕೇಳ್ರಿ” ಎಂದೆ.

“ಏನ್ ಯಜಮಾನ್ರ, ನಾಕು ಸಾಲು ಓದಿ ತೋರಿಸ್ರಿ.”

ಸುಂಕಪ್ಪಣ್ಣ ಎದ್ದು ನಿಂತ. “ಬಾಯಿಬಿಟ್ಟು ಓದಿ ರೂಢಿ ಇಲ್ರಿ ಸಾಹೇಬ್ರ. ಒಳಗ ಓದ್ಕೊಂತೀನಿ.”

“ಒಳಗ ಓದಿದ್ದು ನನಗ ಹೆಂಗ ಕಾಣ್ಬೇಕು?”

ಅದೂ ಸರಿಯೇ. ‘ಹಾಜರಿ ಸಂಶಯಾಸ್ಪದ’ ಎಂದು ಸಾಹೇಬರು ವರದಿಯಲ್ಲಿ ಬರೆದರು. ಸೀಲು ಒತ್ತುವುದೊಂದೇ ಬಾಕಿ. ಸೀಲು ಜೀಪಿನಲ್ಲಿತ್ತು, ಜೀಪು ತೆಗೆದುಕೊಂಡು ಡ್ರೈವರ್ ಊಟಕ್ಕೆ ಹೋಗಿದ್ದ.

ಸುಂಕಪ್ಪಣ್ಣ ಮತ್ತೆ ಕೂತು ಪುಸ್ತಕ ತೆರೆದ. ಎರಡು ಸಾಲು ಒದರಿದ್ದರೆ ಇವನ ಗಂಟೇನು ಹೋಗುತ್ತಿತ್ತು ಎಂದು ನಾನು ಒಳಗೇ ಶಪಿಸುತ್ತಿದ್ದೆ. ಅವನು ನಮ್ಮಿಬ್ಬರನ್ನೂ ಮರೆತಿದ್ದ. ಸ್ವಲ್ಪ ಹೊತ್ತಿಗೆ ಕಿಸಕ್ಕನೆ ನಕ್ಕ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

ಕೆಲಸವಿಲ್ಲದೆ ಕೂತಿದ್ದ ಸಾಹೇಬರಿಗೆ ತಡೆಯಲಾಗಲಿಲ್ಲ. “ಏನದು?” ಎಂದು ಹಿಂದೆ ಬಂದು ಬಗ್ಗಿದರು. ಕನ್ನ ಹಾಕಲು ಬಂದ ಕಳ್ಳನೊಬ್ಬ, ಆ ಮನೆಯ ಕೂಸು ಅತ್ತಿತೆಂದು ತೊಟ್ಟಿಲು ತೂಗುತ್ತ ಕೂತ ಕಥೆ ಅದು. ಸುಂಕಪ್ಪಣ್ಣ ಪುಸ್ತಕವನ್ನು ತುಸು ಆ ಕಡೆ ಸರಿಸಿದ. ಸಾಹೇಬರು ಬೆಂಚಿನ ತುದಿಗೆ ಕೂತರು. ಅವರೂ ನಕ್ಕರು.

ಸುಂಕಪ್ಪಣ್ಣ ಹಾಳೆಯ ತುದಿ ಎತ್ತಿದ.

“ತಡೀರಿ, ತಿರುವಬ್ಯಾಡ್ರಿ. ನಂದಿನ್ನೂ ಐದು ಸಾಲು ಐತಿ.”

ಸುಂಕಪ್ಪಣ್ಣ ಹಾಳೆ ಹಿಡಿದುಕೊಂಡೇ ಕಾದ. ಕಡೆಗೆ ತಲೆ ಎತ್ತದೆ ಹೇಳಿದ: “ಭಾಳ ನಿಧಾನ ಓದ್ತೀರಿ ಸಾಹೇಬ್ರ.”

ಸಾಹೇಬರ ಕಿವಿ ಕೆಂಪಾಯಿತು. ಹೊರಗೆ ಜೀಪು ಬಂದು ಹಾರ್ನ್ ಹೊಡೆಯಿತು. ಅವರು ಏಳಲಿಲ್ಲ. ಕಳ್ಳ ಸಿಕ್ಕಿಬಿದ್ದನೋ ಇಲ್ಲವೋ ಎಂದು ಗೊತ್ತಾದ ಮೇಲೆಯೇ ಎದ್ದು, ವರದಿಯಲ್ಲಿ ತಾವು ಬರೆದಿದ್ದ ಸಾಲನ್ನು ಹೊಡೆದುಹಾಕಿದರು.

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಹಾಜರಿ ಪುಸ್ತಕವನ್ನು ಅವರ ಮುಂದೆ ಇಟ್ಟೆ.

“ಓದಿದೋರು ಇಲ್ಲಿ ಬರೀಬೇಕ್ರಿ ಸರ್.”

ಅವರು ಅದೇ ಪೆನ್ನಿನಿಂದ ಸುಂಕಪ್ಪಣ್ಣನ ಹೆಬ್ಬೆಟ್ಟಿನ ಕೆಳಗೆ ಸಹಿ ಹಾಕಿದರು.