ಎಡಗಡೆಯ ಸವಕಳಿ

ಸಕಲೇಶಪುರದ ಕಾಫಿ ತೋಟದ ದೊರೆ ಬಿಟ್ಟುಹೋಗಿದ್ದ ಹಳೆಯ ಸಣ್ಣ ಟ್ರ್ಯಾಕ್ಟರು ಅದು. ದುದ್ದದ ಕೆಂಚೇಗೌಡ ಅದನ್ನು ಹಾಸನಕ್ಕೆ, ಪುಟ್ಟಾಚಾರಿಯ ಶೆಡ್ಡಿಗೆ ತಂದಾಗ ಹಿಂದಿನ ಎಡಗಾಲಿ ಓಲಾಡುತ್ತಿತ್ತು. ಸೀಲು ಹೋಗಿ ಅಚ್ಚಿನ ಬುಡದಿಂದ ಎಣ್ಣೆ ಸೋರುತ್ತಿತ್ತು. ಅವನ ಅಣ್ಣ ಬೋರೇಗೌಡ ತೀರಿಕೊಂಡು ತಿಂಗಳಾಗಿತ್ತು. ಉತ್ತರಕ್ರಿಯೆಯೆಲ್ಲ ಮುಗಿದಿದ್ದರೂ ಅಣ್ಣ ಇಲ್ಲ ಎಂಬ ಮಾತು ಮಾತ್ರ ಕೆಂಚೇಗೌಡನ ಬಾಯಿಂದ ಒಮ್ಮೆಯೂ ಹೊರಟಿರಲಿಲ್ಲ.

ಆಚಾರಿ ಹಿಂದಿನ ಗಾಲಿಗಳನ್ನು ಬಿಚ್ಚಿ, ಅಚ್ಚು ಕೂರುವ ಹಿತ್ತಾಳೆ ಬಳೆಗಳಾದ ಎರಡೂ ಕಡೆಯ ಬುಷ್ಷುಗಳನ್ನು ಅಂಗೈಯಲ್ಲಿಟ್ಟು ನೋಡಿದ. ಬಲಗಡೆಯದು ಇನ್ನೂ ದುಂಡಗಿತ್ತು. ಎಡಗಡೆಯದು ಒಂದೇ ಮಗ್ಗುಲಿಗೆ ಸವೆದು ಕಾಗದದಷ್ಟು ತೆಳ್ಳಗಾಗಿತ್ತು.

“ಇದೇನ್ ಗೌಡ್ರೇ, ಎಡಗಡೆ ಮಡ್‌ಗಾರ್ಡ್ ಮೇಲೆ ಎಮ್ಮೆ ಕೂರಿಸ್ಕಂಡು ತಿರುಗ್ತಿದ್ರಾ?”

ಕೆಂಚೇಗೌಡನಿಗೂ ನಗು ಬಂತು. “ನಮ್ಮಣ್ಣಯ್ಯ ಕಣಪ್ಪ. ಕಾಲು ಸ್ವಾಧೀನ ಇಲ್ಲ. ದಿನಾ ತ್ವಾಟ ನೋಡ್ದಿದ್ರೆ ಅನ್ನ ಸೇರಾಕಿಲ್ಲ.”

“ಇನ್ಮೇಲೆ ಅಲ್ಲಿ ಕೂರ್ಬ್ಯಾಡಿ ಅಂತ ಏಳಿ ಮತ್ತೆ. ಹೊಸಾದೂ ಇಂಗೇ ಸವೆದೋಯ್ತದೆ.”

“ಏಳ್ತೀನಿ,” ಎಂದ ಕೆಂಚೇಗೌಡ.

ಆಚಾರಿ ಹೊಸ ಬುಷ್ಷು ಬಡಿದು, ಹೊಸ ಸೀಲು ಕೂರಿಸಿ, ಗಾಲಿ ಏರಿಸಿದ. ಎಣ್ಣೆ ಸೋರುವುದು ನಿಂತಿತು. ಕೆಂಚೇಗೌಡ ರಸ್ತೆಗಿಳಿದ. ಆದರೆ ಎಡಕ್ಕೆ ಎಳೆಯುತ್ತಿದ್ದ ಅಣ್ಣನ ಭಾರಕ್ಕೂ ಸವೆದ ಗಾಲಿಗೂ ಎದುರಾಗಿ ವರ್ಷಗಟ್ಟಲೆ ಬಲಕ್ಕೆ ಒತ್ತಿ ರೂಢಿಯಾದ ಕೈಗಳು ಈಗಲೂ ಬಲಕ್ಕೇ ಒತ್ತಿದವು. ಗಾಡಿ ಬಲಗಡೆಯ ಚರಂಡಿಯ ಅಂಚಿಗೆ ಹೋಯಿತು. ನೇರಮಾಡಿದ; ಕೈ ಮತ್ತೆ ಬಲಕ್ಕೇ ಹೋಯಿತು.

ಎಂಜಿನ್ ಆರಿಸಿ ಹಾಗೇ ಕೂತ. ಆಚಾರಿ ಓಡಿಬಂದ.

“ಯಾಕ್ ಗೌಡ್ರೇ, ಸರಿಯಾಗಿಲ್ವಾ?”

“ಸರಿಯಾಗೈತೆ ಕಣಪ್ಪ,” ಎಂದ ಕೆಂಚೇಗೌಡ. “ನಮ್ಮಣ್ಣಯ್ಯ ಸತ್ತೋದ.”