ಟ್ಯಾಮ್ಸಿನ್‌ಗೊಂದು ಪ್ರತಿಜ್ಞೆ

ಥಾರ್ನ್‌ಲಿ ಊರಿನಲ್ಲಿ ಸೋಮವಾರ ಸಂಜೆಯೆಂದರೆ ಸ್ಕೌಟಿನಂಥ ಹುಡುಗಿಯರ ದಳ ಸೇರುವ ಹೊತ್ತು. ಇಗರ್ಜಿಯ ಹಿಂದಿನ ಸಭಾಂಗಣದಲ್ಲಿ ನಗು, ಹಾಡು, ಓಡಾಟ. ಆದರೆ ಆ ಸೋಮವಾರ ಹಿಲ್ಡಾ ಅಜ್ಜಿಯ ಮೊಮ್ಮಗಳು ಟ್ಯಾಮ್ಸಿನ್ ಬೇಗನೆ ಮನೆಗೆ ಬಂದು, ಶೂ ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಆದದ್ದು ಇಷ್ಟೆ. ದಳಕ್ಕೆ ಸೇರುವವರು ಪ್ರತಿಜ್ಞೆ ಮಾಡಬೇಕು. ಅದರಲ್ಲಿ ದೇವರಿಗೆ ಕರ್ತವ್ಯ ಸಲ್ಲಿಸುತ್ತೇನೆ ಎಂಬ ಮಾತಿದೆ. ಟ್ಯಾಮ್ಸಿನ್‌ಗೆ ದೇವರಲ್ಲಿ ನಂಬಿಕೆಯಿಲ್ಲ. ಅದೊಂದು ಬಿಟ್ಟು ಉಳಿದದ್ದೆಲ್ಲ ಹೇಳುತ್ತೇನೆ ಎಂದಳಂತೆ. ಹಾಗಾದರೆ ಬ್ಯಾಡ್ಜೂ ಇಲ್ಲ, ಬೇಸಿಗೆಯ ಶಿಬಿರವೂ ಇಲ್ಲ ಎಂದರಂತೆ ನಾಯಕಿ ಬ್ರೆಂಡಾ.

ಹಿಲ್ಡಾಗೆ ಮೊಮ್ಮಗಳದೇ ಹಟ ಅನ್ನಿಸಿತು. ಹಿಲ್ಡಾಳೂ ಇದೇ ದಳದಲ್ಲಿ ಬೆಳೆದವಳು. ನೂಲಿನ ಗಿರಣಿಯಿಂದ ಬಂದ ಅಮ್ಮ ಸುಸ್ತಿನಲ್ಲೂ ಇಸ್ತ್ರಿ ಮಾಡಿಕೊಡುತ್ತಿದ್ದ ನೀಲಿ ಅಂಗಿ, ಗುಡ್ಡದ ಮೇಲಿನ ಗುಡಾರ, ಬೂದಿಯಲ್ಲಿ ಸುಟ್ಟ ಆಲೂಗಡ್ಡೆ, ಹೊಗೆ ವಾಸನೆಯ ಕೋಕೋ, ಗಂಟಲು ಕಟ್ಟುವ ತನಕ ಹಾಡು. ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತದೆ. ಅದೆಲ್ಲ ಈ ಹುಡುಗಿಗೆ ಸಿಗದೆ ಹೋಗುವುದೇ?

"ಒಂದು ಮಾತು ತಾನೇ, ಹೇಳ್ಬಿಡೇ. ನಿಂದೇನು ಗಂಟು ಹೋಗುತ್ತೆ?"

"ಅಜ್ಜಿ, ಸುಳ್ಳು ಹೇಳಲ್ಲ ಅನ್ನೋದೂ ಅದೇ ಪ್ರತಿಜ್ಞೇಲಿದೆ. ಅದನ್ನ ಸುಳ್ಳಿಂದಾನೇ ಶುರು ಮಾಡ್ಲಾ?"

ಹಿಲ್ಡಾ ಬಗ್ಗಿ ಅವಳ ಶೂ ಬಿಚ್ಚತೊಡಗಿದಳು. ಮರುದಿನ ಹಿತ್ತಿಲಲ್ಲಿ ಬಟ್ಟೆ ಹರವುತ್ತ, ಪಕ್ಕದ ಮನೆಯ ಈಡಿತ್ ಮುಂದೆ ದೂರಿಕೊಂಡಳು. ಈಡಿತ್ ಅವಳ ಓರಗೆಯವಳು, ಒಂದೇ ಶಾಲೆಯಲ್ಲಿ ಓದಿದವಳು. ಈಗಿನ ಮಕ್ಕಳಿಗೆ ಎಲ್ಲದಕ್ಕೂ ತಕರಾರು ಎಂದು ಹಿಲ್ಡಾ ಗೊಣಗಿದಳು.

"ನಮ್ಮ ಕಾಲ್ದಲ್ಲಿ ಹಿಂಗಿತ್ತಾ? ಊರಿನ ಹುಡುಗೀರೆಲ್ಲ ದಳದಲ್ಲಿದ್ವಿ."

"ನಾನಿರ್ಲಿಲ್ವಲ್ಲೇ, ಹಿಲ್ಡಾ."

ಹಿಲ್ಡಾಳ ಕೈಯಲ್ಲಿದ್ದ ಬಟ್ಟೆ ಹಾಗೇ ಉಳಿಯಿತು. ಬೆಂಕಿಯ ಸುತ್ತ ಕೂತಿದ್ದ ಮುಖಗಳನ್ನೆಲ್ಲ ಮನಸ್ಸಿನಲ್ಲೇ ಹುಡುಕಿದಳು. ಹೌದು, ಈಡಿತ್ ಇರಲಿಲ್ಲ.

ಈಡಿತ್ ಹೇಳಿದಳು. ಚಿಕ್ಕಂದಿನಲ್ಲಿ ಅವಳ ತಮ್ಮ ತೀರಿಕೊಂಡ ಮೇಲೆ ಅವರ ಮನೆಯಲ್ಲಿ ಪ್ರಾರ್ಥನೆ ನಿಂತುಹೋಗಿತ್ತು. ದೇವರ ಹೆಸರು ಹೇಳಲಾರೆ ಎಂದವಳನ್ನು ಅಂದಿನ ನಾಯಕಿ ತಲೆ ಸವರಿ ಮನೆಗೆ ಕಳಿಸಿದ್ದರು. ಆಮೇಲೆ ಎಷ್ಟೋ ಸೋಮವಾರ ಅವಳು ಹೊರಗಿನ ಕಲ್ಲುಗೋಡೆಯ ಮೇಲೆ ಕೂತಿರುತ್ತಿದ್ದಳಂತೆ.

"ನಿಮ್ಮ ಹಾಡೆಲ್ಲ ನಂಗೆ ಬಾಯಿಪಾಠ ಕಣೇ. ಕಿಟಕಿಯಿಂದ ಕೇಳಿಸ್ತಿತ್ತು."

ಅವಳು ಒಂದು ಸಾಲು ಗುನುಗಿದಳು. ಶಿಬಿರದ ಕೊನೆಯ ಸಂಜೆಯ ಹಾಡು. ಒಂದಕ್ಷರವೂ ತಪ್ಪಲಿಲ್ಲ. ಹಿಲ್ಡಾಗೆ ಜೊತೆಗೂಡಿ ಹಾಡಬೇಕೆನಿಸಿತು.

ಇದಕ್ಕೊಂದು ದಾರಿಯಿರುವುದು ಈಡಿತ್‌ಗೆ ಗೊತ್ತಿತ್ತು. ಅವಳ ಮಗಳು ಪಕ್ಕದ ಊರಿನಲ್ಲಿ ದಳ ನಡೆಸುತ್ತಾಳೆ. ಅಲ್ಲಿ ಎರಡು ಪ್ರತಿಜ್ಞೆಗಳಿವೆ. ನಂಬುವವರು ದೇವರ ಹೆಸರಿನಲ್ಲಿ ಮಾಡುತ್ತಾರೆ. ನಂಬದವರು ತಮ್ಮ ಮನಸ್ಸಾಕ್ಷಿಗೆ ನಿಷ್ಠರಾಗಿರುತ್ತೇವೆ ಎನ್ನುತ್ತಾರೆ. ಉಳಿದದ್ದೆಲ್ಲ ಒಂದೇ.

ದೇವರನ್ನೇ ಹೊರಗೆ ಹಾಕಿದಂತಾಗುವುದಿಲ್ಲವೇ ಎಂದು ಹಿಲ್ಡಾ ಅನುಮಾನಿಸಿದಳು.

"ನಿನ್ನ ದೇವರನ್ನ ಯಾರೇ ಮುಟ್ಟಿದ್ದು? ನಿನ್ನ ಮಾತು ನಿಂಗೆ, ಅವಳ ಮಾತು ಅವಳಿಗೆ. ಗುಡಾರ ಎತ್ತೋಕೆ ಇಬ್ಬರ ಕೈಯೂ ಬೇಕು."

ಇಬ್ಬರೂ ಕೂಡಿ ಬ್ರೆಂಡಾ ಮನೆಗೆ ಹೋಗಿ, ಇಲ್ಲೂ ಎರಡನೆಯ ಪ್ರತಿಜ್ಞೆ ಇರಲಿ ಎಂದು ಕೇಳಿದರು. ಪೋಷಕರು ಜಗಳಕ್ಕೆ ಬಂದಾರು, ಪಾದ್ರಿಗಳು ಸಭಾಂಗಣ ಕೊಡದೆ ಹೋದಾರು ಎಂದು ಬ್ರೆಂಡಾಗೆ ಅಳುಕು. ಭಾನುವಾರದ ಪ್ರಾರ್ಥನೆ ಎಂದೂ ತಪ್ಪಿಸದ ಹಿಲ್ಡಾ ಹೇಳಿದಳು: "ಬಾಯಿಮಾತಿನ ಆಣೆ ನನ್ನ ದೇವರಿಗೂ ಬೇಡ, ಬ್ರೆಂಡಾ." ಪಾದ್ರಿಗಳನ್ನೂ ಅವಳೇ ಕೇಳಿದಳು. ಅವರು ಅಡ್ಡಿ ಹೇಳಲಿಲ್ಲ. ಆದರೆ ದಳದ ಹಿರಿಯರು ಒಪ್ಪುವಷ್ಟರಲ್ಲಿ ಬೇಸಿಗೆ ಕಳೆದಿತ್ತು. ಗೆಳತಿಯರ ಬಸ್ಸು ಶಿಬಿರಕ್ಕೆ ಹೊರಟಾಗ ಟ್ಯಾಮ್ಸಿನ್ ಮನೆಯ ಕಿಟಕಿಯ ಬಳಿಯೇ ನಿಂತಿದ್ದಳು. ಆ ಬೇಸಿಗೆ ಅವಳಿಗೆ ಮರಳಿ ಬರಲಿಲ್ಲ.

ಅಕ್ಟೋಬರಿನಲ್ಲಿ ಅವಳು ಕೈ ಎತ್ತಿ ತನ್ನ ಪ್ರತಿಜ್ಞೆ ಹೇಳಿದಳು. ಪಕ್ಕದ ಹುಡುಗಿ ದೇವರ ಹೆಸರಿನಲ್ಲಿ ತನ್ನದು ಹೇಳಿದಳು. ಹಿಂದಿನ ಸಾಲಿನಲ್ಲಿದ್ದ ಹಿಲ್ಡಾಗೆ ಇಬ್ಬರ ದನಿಯೂ ಒಂದೇ ಸಮ ನಡುಗಿದ್ದು ಕೇಳಿಸಿತು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮೂರಿನಲ್ಲೂ ಮಕ್ಕಳ ದಳ ಇದ್ದೀತು. ಒಮ್ಮೆ ಹೋಗಿ ಕೇಳಿ: ದೇವರನ್ನು ನಂಬದ ಮಗುವಿಗೂ ನಿಮ್ಮಲ್ಲಿ ಒಂದು ಪ್ರತಿಜ್ಞೆ ಇದೆಯಾ? ಇಲ್ಲವಾದರೆ ಇನ್ನೊಂದನ್ನು ಸೇರಿಸಲು ಹೇಳಿ. ನಿಮ್ಮ ಆಣೆಯ ಒಂದಕ್ಷರವನ್ನೂ ಅಳಿಸಬೇಕಿಲ್ಲ. ಈ ಬೇಸಿಗೆಯ ಶಿಬಿರಕ್ಕೆ ಮುಂಚೆಯೇ ಕೇಳಿ. ಮಕ್ಕಳು ಬೇಗ ದೊಡ್ಡವರಾಗಿಬಿಡುತ್ತಾರೆ.